ಮೂವತ್ತೇಳು ಅಂಕಗಳ ಮರುದಿನ

ಅಂಗಡಿ ತೆರೆಯುವ ಮೊದಲೇ ನಾಲ್ವರು ನಿಂತಿದ್ದರು ಹೊರಗೆ,
ಉಸಿರು ಹೊಗೆಯಾಗುವ ನವೆಂಬರಿನ ಚಳಿಯಲ್ಲಿ.
ಕ್ಷೌರಕ್ಕಲ್ಲ. ವರ್ನಾನ್ ಪ್ರೂಯಿಟ್‌ನ ತಲೆಯಲ್ಲಿ
ನನ್ನ ಕತ್ತರಿಗೆ ಕೆಲಸವಿಲ್ಲದೆ ಹನ್ನೊಂದು ವರ್ಷ.
ಮಾತಿಗೆ ಬಂದವರು. ನಿನ್ನೆ ರಾತ್ರಿ
ಋತುವಿನ ಮೊದಲ ಪಂದ್ಯ, ನಮ್ಮ ಟಿಲ್ಡನ್ ಕಾಲೇಜು ಗೆದ್ದಿದೆ:
ಎಂಬತ್ತೊಂಬತ್ತು, ಐವತ್ತೆರಡು.

ಇಂಡಿಯಾನಾದ ಈ ಊರಲ್ಲಿ ಮೆಕ್ಕೆಜೋಳ ಕಟಾವಾದ ಮೇಲೆ
ತಲೆಯೆತ್ತಿ ನೋಡಲು ಉಳಿಯುವುದು ಎರಡೇ:
ನೀರಿನ ಟ್ಯಾಂಕು, ಬಾಸ್ಕೆಟ್‌ಬಾಲಿನ ಬುಟ್ಟಿ.

"ಆ ಹೊಸ ಹುಡುಗ, ಆರಡಿ ಹತ್ತಂಗುಲದವನು,
ಚೆಂಡನ್ನು ಬುಟ್ಟಿಗೆ ಎಸೆಯಲಿಲ್ಲ ಕಣಯ್ಯ, ಇಟ್ಟ.
ನನ್ನವಳು ಅಟ್ಟದ ಮೇಲೆ ಉಪ್ಪಿನ ಡಬ್ಬಿ ಇಡುವ ಹಾಗೆ,"
ಅಂದ ವರ್ನಾನ್, ಕೈಯೆತ್ತಿ, ಬೆನ್ನು ನೋವು ಮರೆತು.

"ಫ್ರೀ ಥ್ರೋ?" ಅಂದಳು ಲೊರೆಟ್ಟಾ.
ಮೊಮ್ಮಗನ ಕೂದಲು ಕತ್ತರಿಸಲು ಬಂದವಳು,
ನಲವತ್ತು ವರ್ಷ ಶಾಲೆಯ ಅಡುಗೆಮನೆಯ ಲೆಕ್ಕ ಬರೆದವಳು.
ಚೀಲದಿಂದ ತೆಗೆದಳು ಮಡಿಸಿದ ಹಾಳೆ, ಪೆನ್ಸಿಲಿನ ಗೀಟು.
"ಇಪ್ಪತ್ತಮೂರಕ್ಕೆ ಹನ್ನೊಂದು.
ಗೆದ್ದ ಮನೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ.
ಫೆಬ್ರವರಿಯಲ್ಲಿ ಒಂದೇ ಅಂಕಕ್ಕೆ ಸೋತು ಬರುವಿರಲ್ಲ,
ಆಗ ಕೇಳಿ. ಹಾಳೆ ಎತ್ತಿಟ್ಟಿರುತ್ತೇನೆ."

ಅಂಚೆಯ ಹೋಬಾರ್ಟನಿಗೆ ಗೆಲುವೇ ಅನುಮಾನ:
"ಎದುರಾಳಿ ಯಾರು? ಹೆಸರು ಕೇಳಿರದ ಕಾಲೇಜು.
ನಮ್ಮ ಬ್ಯಾಂಡಿನವರೇ ತುತ್ತೂರಿ ಕೆಳಗಿಟ್ಟು ಸೋಲಿಸಬಹುದಿತ್ತು."
ಪಿಯಾನೊ ರಿಪೇರಿಯ ಎಂಬ್ರಿ ಮಾತ್ರ
ಆಟ ಮುಗಿಯುವ ಮೊದಲೇ, ಕೂತ ಬೆಂಚಿನಿಂದಲೇ,
ಮಾರ್ಚಿನ ಟೂರ್ನಿಗೆ ಹೋಟೆಲ್ ಕೋಣೆ ಗೊತ್ತುಮಾಡಿದನಂತೆ.
ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ,
ಇವನು ಕೂಸಿನ ಮದುವೆಗೆ ಸೂಟು ಹೊಲಿಸಿದ್ದಾನೆ.

ಕಳೆದ ವರ್ಷ ಇದೇ ಕುರ್ಚಿಯಲ್ಲಿ ಕೂತು
ಕೋಚನ್ನು ಊರು ಬಿಡಿಸಿದವರು ಇವರೇ.
ಇಂದು ಅವನ ಟೈ ಚೆಂದ, ನಡಿಗೆ ಚೆಂದ,
ಅವನು ಚೂಯಿಂಗ್ ಗಮ್ ಜಗಿಯುವುದರಲ್ಲೂ ಒಂದು ಯೋಜನೆ.
ನಾನು ಸುಮ್ಮನೆ ಕತ್ತರಿ ಆಡಿಸುತ್ತೇನೆ.
ಕತ್ತರಿಗೆ ನಾಲಿಗೆ ಎರಡು;
ಹಿಡಿದವನಿಗೆ ಒಂದೂ ಇರಬಾರದು.

ಹಾಗಾಗಿ ಹೇಳಲಿಲ್ಲ,
ಪಂದ್ಯ ಮುಗಿದು ಮನೆಗೆ ಹೋಗುವಾಗ
ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಸೋತವರ ಬಸ್ಸು ನಿಂತಿತ್ತೆಂದು.
ಏಳು ಗಂಟೆಯ ದಾರಿ ಅವರದ್ದು.
ಕೋಚು ಸ್ಯಾಂಡ್‌ವಿಚ್ ಎಣಿಸುತ್ತಿದ್ದ, ಎರಡೆರಡು ಸಲ.
ಹದಿನಾಲ್ಕನೇ ನಂಬರಿನ ಹುಡುಗ,
ಎಸೆದ ಒಂಬತ್ತರಲ್ಲಿ ಒಂಬತ್ತೂ ತಪ್ಪಿಸಿದವನು
(ಏಳನೆಯದಕ್ಕೆ ನಾವೆಲ್ಲ ನಕ್ಕಿದ್ದೆವು, ನಾನೂ),
ಕಾಫಿ ಯಂತ್ರಕ್ಕೆ ನಾಣ್ಯ ಹಾಕಿದ. ಯಂತ್ರ ನುಂಗಿತು,
ಖಾಲಿ ಲೋಟ ಉದುರಿಸಿ ತೆಪ್ಪಗಾಯಿತು.
ಲೋಟವನ್ನೇ ನೋಡುತ್ತ ನಿಂತ ಸ್ವಲ್ಪ ಹೊತ್ತು.
ಆಮೇಲೆ ಹಿಂದೆ ಸರಿದ, ಇನ್ನೂ ಸರಿದ,
ನಾಲ್ಕನೆಯ ಪಂಪಿನ ಆಚೆಯಿಂದ
ಕಸದ ಡಬ್ಬಿಗೆ ಗುರಿಯಿಟ್ಟು ಎಸೆದ.

ಗಾಳಿ ಇತ್ತು. ಲೋಟ ಹಗುರ.
ಬಿತ್ತು.

ಬಸ್ಸಿನ ಕಿಟಕಿಗಳೆಲ್ಲ ಒಟ್ಟಿಗೆ ಚೀರಿದವು.
ಯಾರೋ ಹಾರನ್ ಒತ್ತಿದರು, ಯಾರೋ ಅವನ ಹೆಸರು ಕೂಗಿದರು,
ಕೋಚಿನ ಎಣಿಕೆ ಮತ್ತೆ ತಪ್ಪಿತು.
ತಲೆಯ ಮೇಲೆ ಟಿಲ್ಡನ್‌ನ ಕೆಂಪು ಟೋಪಿ ಇಟ್ಟುಕೊಂಡೇ
ನಾನೂ ಚಪ್ಪಾಳೆ ತಟ್ಟಿಬಿಟ್ಟೆ,
ಪೆಟ್ರೋಲ್ ಟ್ಯಾಂಕು ತುಂಬಿ ಬೂಟಿನ ಮೇಲೆ ಚೆಲ್ಲುವವರೆಗೆ.

"ಏನು, ಇವತ್ತು ಪೆಟ್ರೋಲ್ ವಾಸನೆ?" ಅಂದ ಹೋಬಾರ್ಟ್.
ಹೊಸ ಸೋಪು, ಅಂದೆ.

ಕುರ್ಚಿಯಲ್ಲಿ ಲೊರೆಟ್ಟಾಳ ಮೊಮ್ಮಗ,
ಕುತ್ತಿಗೆಗೆ ಬಿಳಿ ಬಟ್ಟೆ, ಕನ್ನಡಿಯಲ್ಲಿ ಕಣ್ಣು:
"ಹಿಂದುಗಡೆ ಆ ಹೊಸ ಹುಡುಗನ ನಂಬರು ಕೆತ್ತಿ, ದೊಡ್ಡದಾಗಿ."
ಮೆಷಿನ್ ಕೈಗೆತ್ತಿಕೊಂಡೆ.
ಅಜ್ಜಿ ಹಾಳೆ ಮಡಿಸುತ್ತ ಅಂದಳು:
"ಫೆಬ್ರವರಿ ತನಕ ತಡಿ."