ಮಿಕ್ಕ ಏಳು

ಸಿರಿಲ್ ಡೌಸ್ ಕೊಟ್ಟದ್ದು ಹದಿನೆಂಟು ಮೊಟ್ಟೆ,
ಬ್ರೆಡ್ಡಿನ ಚೀಲದಲ್ಲಿ, ಒಣಹುಲ್ಲು ಸುತ್ತಿ.
ಹಾಲು ಸಾಲದ ಚಹಾದ ಬಣ್ಣ.
ನಲವತ್ತು ವರ್ಷ ದೊರೆಗಳ ಬೇಟೆಕಾಡು ಕಾದವನು
ಈಗ ಹಾರ್ನ್‌ಕ್ಯಾಸಲ್‌ನಲ್ಲಿ, ನನ್ನ ಬೇಲಿಯಾಚೆ,
ಕ್ಯಾರೆಟ್ ಕಾಯುತ್ತಾನೆ.
"ಫೆಸೆಂಟು ಕೋಳಿಯಲ್ಲ ನೋಡು," ಅಂದ.
"ಸಾಕಬಹುದು, ಅಷ್ಟೆ.
ಬಲೆ ಸಡಿಲ ಕಟ್ಟು.
ಬೆದರಿದರೆ ಅಕ್ಕಪಕ್ಕ ಓಡುವ ಜಾತಿಯಲ್ಲ,
ನೆಟ್ಟಗೆ ಆಕಾಶಕ್ಕೇ ಚಿಮ್ಮುತ್ತವೆ;
ಬಲೆ ಬಿಗಿಯಿದ್ದರೆ ನೆತ್ತಿ ಸುಲಿಯುತ್ತದೆ."

ಪೆನ್ಸಿಲ್ಲಿನಲ್ಲಿ ಒಂದು ಮಗ್ಗುಲಿಗೆ ಕ, ಇನ್ನೊಂದಕ್ಕೆ ಖ.
ಅಂಚೆಚೀಲ ಹೊರುವ ಮುನ್ನ ಕ ಮೇಲೆ,
ಮಧ್ಯಾಹ್ನ ಬಂದು ಖ,
ಮಲಗುವಾಗ ಮತ್ತೆ ಕ.
ಇಪ್ಪತ್ತೊಂದು ದಿನ ನಾನು ಓದಿದ್ದು
ಈ ಎರಡೇ ಅಕ್ಷರ.
ಏಳನೆಯ ರಾತ್ರಿ ಟಾರ್ಚು ಹಿಡಿದರೆ
ಚಿಪ್ಪಿನೊಳಗೆ ಒಂದು ಕೆಂಪು ಜೇಡ
ತನ್ನ ಬಲೆಯನ್ನು ತಾನೇ ಅಲ್ಲಾಡಿಸುತ್ತಿತ್ತು.

ಇಪ್ಪತ್ಮೂರನೆಯ ರಾತ್ರಿ, ಎರಡೂಕಾಲು ಗಂಟೆಗೆ,
ಯಾರೋ ಕುಡಿದು ವ್ಯಾನನ್ನು ಕಂಬಕ್ಕೆ ಗುದ್ದಿದನಂತೆ.
ಎಚ್ಚರವಾದದ್ದು ಸದ್ದಿಗಲ್ಲ.
ಪೆಟ್ಟಿಗೆಯ ಗುಂಯ್‌ಗುಡುವಿಕೆ ನಿಂತಿತ್ತು.
ಥರ್ಮಾಮೀಟರು ಮೂವತ್ತೈದು. ಮೂವತ್ತಮೂರು.
ಗೂಡಿನಲ್ಲಿ ನನ್ನ ಸಿಲ್ಕಿ ಹೆಂಟೆ ಚಿಗವ್ವ
ಪಿಂಗಾಣಿಯ ಸುಳ್ಳು ಮೊಟ್ಟೆಯ ಮೇಲೆ
ಮೂರು ವಾರದಿಂದ ಕಾವಿಗೆ ಕೂತಿದ್ದಳು, ಯಾರು ಹೇಳಿದರೂ ಏಳದೆ.
ಕತ್ತಲಲ್ಲಿ ಒಂದೊಂದೇ ತಳ್ಳಿದೆ.
ಕೊಕ್ಕಿನಿಂದ ಎಳೆದುಕೊಂಡಳು: ಒಂಬತ್ತು, ಹತ್ತು,
ಹನ್ನೊಂದು. ಹನ್ನೆರಡನೆಯದನ್ನು ಹೊರಗೆ ಉರುಳಿಸಿದಳು.
ಅವಳ ಪುಕ್ಕಕ್ಕೆ ಲೆಕ್ಕ ಗೊತ್ತು.

ಮಿಕ್ಕ ಏಳನ್ನು ನಾನೇ ಇಟ್ಟುಕೊಂಡೆ,
ಅಂಗಿಯೊಳಗೆ, ಬರಿಯ ಹೊಟ್ಟೆಗೆ ತಾಗಿಸಿ,
ಮೇಲೊಂದು ಅಂಚೆ ಇಲಾಖೆಯ ಕೆಂಪು ಜಾಕೆಟ್ಟು.
ಗೂಡಿನ ಪಕ್ಕದಲ್ಲೇ, ಜೋಳದ ಮೂಟೆಗೆ ಒರಗಿ.
ಕೆಮ್ಮಲಿಲ್ಲ. ಕಾಲು ಜೋಮು ಹಿಡಿಯಿತು, ಹಿಡಿಯಲಿ ಎಂದೆ.
ನಾಲ್ಕರ ಸುಮಾರಿಗೆ ಒಂದು ಮೊಟ್ಟೆ ನನ್ನೊಳಗೆ ಮಾತಾಡಿತು.
ಒಳಗೆ ಅಲ್ಲ, ಗೊತ್ತು.
ಆದರೂ ಹೊಕ್ಕುಳಿಗೆ ಕೊಕ್ಕು ತಾಗಿದರೆ
ಹೊರಗೆ ಯಾವುದು, ಒಳಗೆ ಯಾವುದು.
ಇನ್ನೊಂದು ಉತ್ತರಿಸಿತು. ಚಿಗವ್ವನ ಕೆಳಗಿನಿಂದ ಮೂರನೆಯದು.

ಐದಕ್ಕೆ ಲಿನೆಟ್‌ಗೆ ಫೋನು:
ಇವತ್ತು ಬರಲಾರೆ, ಹೊಟ್ಟೆಯದೇನೋ ತಾಪತ್ರಯ.
ಸುಳ್ಳು ಹೇಳಲಿಲ್ಲ.

ಅವಳವು ಒಂಬತ್ತು ಒಡೆದವು, ನನ್ನವು ಐದು.
ಗುರುತಿಗಿರಲಿ ಎಂದು ನನ್ನವಕ್ಕೆ ಹಳದಿ ಕಾಲುಂಗುರ.
ಸಿರಿಲ್ ನೋಡಿ ನಕ್ಕ,
ಉಂಗುರ ಬೆಳೆಯುವುದಿಲ್ಲ, ಕಾಲು ಬೆಳೆಯುತ್ತದೆ, ಬದಲಿಸುತ್ತಿರು ಎಂದ.
ಬದಲಿಸಲು ಹಿಡಿದಾಗೆಲ್ಲ
ನನ್ನ ಕೈಯಿಂದಲೇ ಆಕಾಶಕ್ಕೆ ಚಿಮ್ಮಿದವು.
ಚಿಗವ್ವ ಕಾಳು ತೋರಿಸಿ ಕರೆದರೆ ತಿಂದು ಓಡಿದವು.
ನಾನು ಕರೆದರೆ ಓಡಿ, ಆಮೇಲೆ ತಿಂದವು.

ಅಕ್ಟೋಬರಿನ ಗಾಳಿ ಬಲೆಯ ಒಂದು ಮೂಲೆ ಬಿಚ್ಚಿತು.
ಎಣಿಸಿದೆ, ಹದಿಮೂರು. ಮತ್ತೆ ಎಣಿಸಿದೆ.
ಶನಿವಾರ. ಗುಡ್ಡದಾಚೆ ಬೆಳಗಿನಿಂದ ಬಂದೂಕು,
ಯಾರೋ ದೂರದಲ್ಲಿ ಚಾಪೆ ಕೊಡವಿದ ಹಾಗೆ.
ಸಂಜೆ ಅದು ಸಿರಿಲ್‌ನ ಷೆಡ್ಡಿನ ಮೇಲೆ ನಿಂತಿತ್ತು:
ತಾಮ್ರದ ಮೈ, ಕತ್ತಿಗೆ ಬಿಳಿಯ ಪಟ್ಟಿ,
ಬಾಲ ತನ್ನದಲ್ಲವೆಂಬಷ್ಟು ಉದ್ದ.
ನಾನು ಜೋಳದ ಡಬ್ಬಿ ಅಲ್ಲಾಡಿಸಿದೆ.
ಚಿಗವ್ವ ತಂತಿಗೆ ಮುಖವಿಟ್ಟು
ಕೊಟ್, ಕೊಟ್, ಕೊಟ್ ಎಂದಳು,
ಮೇ ತಿಂಗಳ ಅದೇ ದನಿಯಲ್ಲಿ.
ಹುಂಜ ಒಮ್ಮೆ ಇತ್ತ ತಿರುಗಿತು, ಗಾಳಿಗಿರಬೇಕು.

"ಯಾರದು?" ಬೇಲಿಯಾಚೆಯಿಂದ ಸಿರಿಲ್ ಕೇಳಿದ,
"ನಿನ್ನದೋ, ಅವಳದೋ?"
ಕಾಲು ಕಾಣದಷ್ಟು ಕತ್ತಲಾಗಿತ್ತು.