ಗಾಯಾಳು ನಂಬರ್ ನಾಲ್ಕು

ಮಾತಿನ ಮೊದಲಿಗೆ ಮೂರು ಸಲ, ಕೊನೆಗೆ ಮೂರು ಸಲ
ಅಭ್ಯಾಸ, ಅಭ್ಯಾಸ, ಅಭ್ಯಾಸ ಅನ್ನಬೇಕು.
ದಾರಿ ತಪ್ಪಿ ಈ ತರಂಗಕ್ಕೆ ಬಂದವರು
ನಿಜವೆಂದುಕೊಂಡು ಓಡಿಬಿಡಬಾರದಲ್ಲ.

ಕುರ್ಲಾದ ಮುನಿಸಿಪಾಲಿಟಿ ಶಾಲೆಯ ತಾರಸಿ. ಜೂನ್ ಮೊದಲ ವಾರ.
ಕಾಗದದ ಪ್ರಕಾರ ಮೀಠಿ ನದಿ
ಎರಡನೆಯ ಮಾಳಿಗೆಗೆ ಬಂದಿದೆ,
ಟವರುಗಳು ಸತ್ತಿವೆ, ಲೋಕಲ್ ನಿಂತಿದೆ.
ಕೆಳಗೆ ಅಂಗಳದಲ್ಲಿ, ಹನ್ನೆರಡಡಿ ನೀರಿನೊಳಗೆ,
ಮಕ್ಕಳು ಲಗೋರಿ ಆಡುತ್ತಿದ್ದಾರೆ.

ನೀರಿನ ಟಾಕಿಗೂ ಬಿದಿರಿಗೂ ಬಿಗಿದ ತಂತಿ,
ಯಾರದೋ ರಿಕ್ಷಾದಿಂದ ಬಿಚ್ಚಿ ತಂದ ಬ್ಯಾಟರಿ,
ನಾನು, ಶಾಂಭವಿ ಕರ್ಕೇರ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು
ಲೈನ್ ಖಾಲಿಯಿಲ್ಲ, ಕಾಯಿರಿ, ಅಂದವಳು.
ಆ ಜುಲೈಯ ರಾತ್ರಿಯೂ ಅಂದೆ.
ಎಷ್ಟು ಜನಕ್ಕೆ ಅಂದೆನೋ, ಲೆಕ್ಕವಿಟ್ಟಿಲ್ಲ.
ನಿವೃತ್ತಿಯ ಮೇಲೆ ಪರೀಕ್ಷೆ ಕಟ್ಟಿ ಲೈಸೆನ್ಸ್ ತಗೊಂಡೆ.
ಯಾಕಮ್ಮಾ, ಎಂದಳು ಮಗಳು.
ಮಂಡಿನೋವಿಗೆ ಒಳ್ಳೆಯದು, ಎಂದೆ.

ಸ್ಟ್ರೆಚರಿನ ಮೇಲೆ ಗಾಯಾಳು ನಂಬರ್ ನಾಲ್ಕು,
ಹಣೆಗೆ ಕುಂಕುಮ ಕಲಸಿದ ರಕ್ತ, ಕೊರಳಿಗೆ ಚೀಟಿ.
ಎದುರಿನ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸದ ಹುಡುಗ,
ಬಾದಾಮಿ ಕಡೆಯವನು. ರಾತ್ರಿಪಾಳಿ ಮುಗಿಸಿ ಬಂದಿದ್ದ,
ವಡಾಪಾವ್ ಕೊಡ್ತಾರೆ ಅಂತ.
‘ನಾ ಏನ್ ಮಾಡ್ಬೇಕ್ರೀ ಅಕ್ಕಾರ?’
‘ಏನೂ ಮಾಡಬೇಡಪ್ಪ, ಸುಮ್ಮನೆ ಬಿದ್ದುಕೋ.’
ಎಷ್ಟು ದಿನವಾಗಿತ್ತೋ ಅವನಿಗೆ ಯಾರಾದರೂ ಹಾಗಂದು.

ಹೆಸರು ಕಳಿಸಿ, ಓವರ್, ಅಂದಿತು ಪರೇಲಿನ ಕಂಟ್ರೋಲ್.
ಅಕ್ಷರ ಬಿಡಿಸಿ ಹೇಳುವುದು ಕ್ರಮ:
ಯಾಂಕೀ, ಆಲ್ಫಾ, ಮೈಕ್, ಆಲ್ಫಾ—
ಅಷ್ಟರಲ್ಲಿ ಸಾಂತಾಕ್ರೂಜಿಗಿಳಿವ ವಿಮಾನ
ನಮ್ಮ ನೆತ್ತಿ ಸವರಿಕೊಂಡು ಹೋಯಿತು.
‘ಯಮ? ಯಮ ಬಂದಿದ್ದಾನೆಯೇ? ಮತ್ತೆ ಹೇಳಿ, ಓವರ್.’

ನಗು ಬಂತು. ತಿರುಗಿ ನೋಡಿದರೆ
ನಂಬರ್ ನಾಲ್ಕರ ಕಣ್ಣು ಮುಚ್ಚಿದೆ, ಬಾಯಿ ಅರೆತೆರೆದಿದೆ,
ಕರೆದರೆ ಓಗೊಡುವುದಿಲ್ಲ.
ವಿಮಾನ ಹೋಗಿಯಾಗಿತ್ತು,
ಆದರೂ ಒಂದು ಗಳಿಗೆ ನನಗೇನೂ ಕೇಳಿಸಲಿಲ್ಲ.
ಆಮೇಲೆ ಗೊರಕೆ.

ಗುಂಡಿ ಒತ್ತಿದೆ. ಅಲ್ಲ, ಹೆಸರು ಮುಗಿದಿಲ್ಲ, ಇನ್ನೂ ಇದೆ:
ನವೆಂಬರ್, ಯೂನಿಫಾರ್ಮ್, ರೋಮಿಯೊ.
ಯಮನೂರ.
ಯಮನ ಮುಂದೆ ನೂರು, ಕಾಲಿಗೆರಗಿದವರಿಗೆ
ಹಿರಿಯರು ಹೇಳುತ್ತಾರಲ್ಲ, ಆ ನೂರು.
ಬರೆದುಕೊಂಡಿರಾ? ಓವರ್.

ಬರೆದುಕೊಂಡೆವು. ಉಸಿರಾಟ ಹೇಗಿದೆ?
ತಾರಸಿಗೆಲ್ಲ ಕೇಳಿಸುವಷ್ಟಿದೆ.

ಹನ್ನೆರಡೂವರೆಗೆ ಕಾಗದದಲ್ಲಿ ನೆರೆ ಇಳಿಯಿತು.
ಸ್ಟ್ರೆಚರ್ ವಾಪಸು ಬೇಕೆಂದು ಬಂದ ಹೋಮ್‌ಗಾರ್ಡುಗಳಿಗೆ
ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.
ಟಾಕಿಯ ನೆರಳು ಅವನ ಮುಖ ಬಿಟ್ಟು ಸರಿದಾಗ
ಕೊಡೆ ಬಿಚ್ಚಿದೆ.

ಲಾಗ್ ಪುಸ್ತಕದಲ್ಲಿ ನನ್ನ ಒಂದು ಸಾಲಿಗೆ ಕೆಂಪು ಗೀಟು ಬಿದ್ದಿದೆಯಂತೆ.
ಆ ಮೂರಕ್ಷರ ಕಳಿಸುವಾಗ
ಅಭ್ಯಾಸ ಅನ್ನಲು ಮರೆತೆನಂತೆ,
ಮೊದಲಿಗೂ, ಕೊನೆಗೂ.
ಇರಲಿ. ಈಗ ಇವನ ಪಾಲಿನ ವಡಾಪಾವಿನ ಮೇಲೆ
ಕಾಗೆಯೊಂದು ಕಣ್ಣಿಟ್ಟು ಕೂತಿದೆ,
ನಾನು ಎದ್ದುಹೋಗುವ ಹಾಗಿಲ್ಲ.