ತೇಪೆ

ಗುಳೇದಗುಡ್ಡದ ಭಜಂತ್ರಿ ಓಣಿಯೊಳಗ
ಸುಣ್ಣಕ್ಕಂತ ಬ್ಯಾಂಡಿನ ಖೋಲಿ ಖಾಲಿ ಮಾಡುವಾಗ
ನುಸಿ ತಿಂದ ಕೆಂಪು ಕೋಟುಗಳ ಕೆಳಗ ಸಿಕ್ಕಿತು:
ಮೊಣಕಾಲು ಮಡಚಿ ಮಲಗಿದಂಥ ಹಿತ್ತಾಳೆ,
ಬಾಯಿ ತುಂಬ ಕಣಜದ ಮಣ್ಣು.

‘ಯಾರದಪಾ ಇದು?’
ಯಂಕಣ್ಣ ಕಾಕಾ ಕ್ಲಾರಿನೆಟ್ಟಿನ ರೀಡು ನೆಕ್ಕುತ್ತ ಅಂದ:
‘ನಮ್ಮಪ್ಪನ ಕಾಲಕ್ಕೂ ಅದು ಮೂಕನ ಇತ್ತು.’

ಹುಣಸೆಹಣ್ಣು ಹಚ್ಚಿದೆ, ಬೂದಿ ಹಚ್ಚಿದೆ.
ಮೊದಲು ಮೂಡಿದ್ದು ನನ್ನದೇ ಮೂಗು,
ಚಮಚದೊಳಗಿನಂತೆ ದಪ್ಪ.
ಆಮೇಲೆ ಯಾವುದೋ ದೂರದೂರಿನ ಅಕ್ಷರ, ನನಗೆ ಓದಲು ಬಾರದ್ದು.
ಆಮೇಲೆ ಹೊಟ್ಟೆಯ ಬಳಿ
ಅಂಗೈಯಗಲ ತಾಮ್ರದ ತೇಪೆ,
ಅದರ ಮೇಲೆ ಚುಕ್ಕಿ ಚುಕ್ಕಿ ಕೊರೆದ ಕನ್ನಡ:
‘...ವ್ವನ ಮದುವಿಗೆ ಸೋದರಮಾ...’

ಯಾವ ಕೊಡ ಕತ್ತರಿಸಿದರೋ.
ಕೊಟ್ಟಳೋ, ಕೇಳದೇ ಒಯ್ದರೋ.
ಮರುದಿನ ನೀರಿಗೆ ಹೋಗುವಾಗ
ಸೊಂಟಕ್ಕೆ ಏನಿಟ್ಟುಕೊಂಡಳೋ.

ಊದಿದೆ.
ಮೂರನೇ ಕೀಲಿ ಒತ್ತಿದರೆ ಮೇಲೇಳುವುದಿಲ್ಲ.
ಬಂದದ್ದು ಒಂದೇ ಸ್ವರ,
ಅದೂ ತೇಪೆಯ ಹತ್ತಿರ ಗುಂಯ್ ಅಂತ ನಡುಗಿ.
ಕಾಕಾ ರೀಡು ಕೆಳಗಿಟ್ಟ.
‘ಕೊಡಾ ತುಂಬಿದಂಗ ಆತಲೋ.’

ನಾಳೆ ಕಮತಗಿಯಲ್ಲಿ ಮದುವೆ.
ಇದನ್ನೂ ಒಯ್ಯೋಣ ಅಂದೆ.
ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದ:
‘ಒಂದು ಸ್ವರಕ್ಕ ಎಷ್ಟು ಕೇಳೂಣು?’